ಒಕ್ಕುಂದದ ಅರಿವೆ, ಕಾವ್ಯದ ಬಟ್ಟೆ

ಬೈಲಹೊಂಗಲ ತಾಲೂಕಿನ ವಕ್ಕುಂದವು ಇಂದು ಹೊರಗಿನವರು ಅಷ್ಟಾಗಿ ಹೆಸರು ಕೇಳದ ಹಳ್ಳಿಯಾದರೂ, ಕ್ರಿಸ್ತಶಕ 850ರ ಸುಮಾರಿಗೆ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ರಚಿತವಾದ ಕವಿರಾಜಮಾರ್ಗವು, ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ ನಾಡಿನೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳೆಂಬ ನಾಲ್ಕು ಊರುಗಳ ನಡುವಣ ನುಡಿಯನ್ನೇ ಕನ್ನಡದ ತಿರುಳೆಂದು ಗಣಿಸಿದಾಗ, ಆ ಚತುಷ್ಕೋಣದ ಒಂದು ಮೂಲೆಗಲ್ಲಾಗಿ ನಿಂತದ್ದು ಇದೇ ಊರು. ಸುತ್ತಲ ಸೀಮೆಯೂ ಕಾವ್ಯಕ್ಕೆ ಪರಕೀಯವಾದುದಲ್ಲ. ಸುಗಂಧವರ್ತಿಯೆಂದು ಶಾಸನಗಳಲ್ಲಿ ಕಾಣಿಸಿಕೊಳ್ಳುವ ಸವದತ್ತಿಯಲ್ಲಿ ರಟ್ಟರು ಆಳಿದರು. ಪಾರ್ಶ್ವನಾಥಪುರಾಣವನ್ನು ಬರೆದ ಪಾರ್ಶ್ವಪಂಡಿತನು ಆ ವಂಶದ ಕಾರ್ತವೀರ್ಯನ ಆಶ್ರಯದಲ್ಲಿದ್ದವನು. ರಾಮದುರ್ಗದ ನೆರೆಯ ಮುಧೋಳವು ರನ್ನನ ಊರು.

ಆ ರನ್ನನ ಹೆಸರಿನಲ್ಲಿಯೇ ಕನ್ನಡದ ಅತಿ ಪ್ರಾಚೀನ ನಿಘಂಟು ದೊರೆತಿರುವುದು ಯೋಚಿಸತಕ್ಕ ಸಂಗತಿ. ರನ್ನಕಂದದಲ್ಲಿ ಉಳಿದಿರುವುದು ಕೆಲವೇ ಕಂದಪದ್ಯಗಳಾದರೂ, ಮಹಾಕವಿಯೆನಿಸಿಕೊಂಡವನು ಪದಗಳಿಗೆ ಅರ್ಥ ಹೇಳುವ ಕೆಲಸವನ್ನು ಕೀಳೆಂದು ಭಾವಿಸಲಿಲ್ಲವೆಂಬುದಕ್ಕೆ ಅಷ್ಟೇ ಸಾಕು. ಇಮ್ಮಡಿ ನಾಗವರ್ಮನ ಅಭಿಧಾನವಸ್ತುಕೋಶವು ಸಂಸ್ಕೃತ ಶಬ್ದಗಳಿಗೆ ಕನ್ನಡದಲ್ಲಿ ಅರ್ಥ ಹೇಳಿತು. 1260ರ ಸುಮಾರಿಗೆ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ, ಬಾಯಿಂದ ಜಾರಿಹೋಗುತ್ತಿದ್ದ ೞಕಾರವುಳ್ಳ ಶಬ್ದಗಳನ್ನು ಪಟ್ಟಿಮಾಡಿದ್ದಲ್ಲದೆ, ಕೊನೆಯಲ್ಲಿ ಪ್ರಯೋಗಸಾರವೆಂಬ ಭಾಗವನ್ನಿಟ್ಟು ಅಪೂರ್ವ ಪದಗಳನ್ನು ವಿವರಿಸಿದನು. ಹದಿನಾರನೆಯ ಶತಮಾನದ ಲಿಂಗಮಂತ್ರಿಯ ಕಬ್ಬಿಗರ ಕೈಪಿಡಿಗೆ ಬರುವಷ್ಟರಲ್ಲಿ ಕನ್ನಡಕ್ಕೇ ಕನ್ನಡದಲ್ಲಿ ಅರ್ಥ ಹೇಳುವುದು ಅನಿವಾರ್ಯವಾಗಿತ್ತು. ಸಂಸ್ಕೃತವು ಅಪರಿಚಿತವಾಗಿದ್ದ ಕಾಲ ಹೋಗಿ, ತಾಯ್ನುಡಿಯ ಹಳೆಯ ಪದವೇ ಅಪರಿಚಿತವಾದ ಕಾಲ ಬಂದಿತ್ತು. ಭಾಷೆಯ ವಯಸ್ಸನ್ನು ಅಳೆಯಲು ಅದರ ಕಾವ್ಯಗಳಿಗಿಂತ ಅದರ ಕೋಶಗಳೇ ಹೆಚ್ಚು ನಂಬತಕ್ಕ ಅಳತೆಗೋಲೆಂದು ನನಗೆ ತೋರುತ್ತದೆ.

ಇದು ನಮ್ಮೊಬ್ಬರ ಪಾಡಲ್ಲ. ರೋಮಿನ ವರ್ಜಿಲ್ ಕವಿ ತೀರಿಕೊಂಡು ನಾಲ್ಕು ಶತಮಾನಗಳು ಕಳೆದ ಮೇಲೆ ಸರ್ವಿಯಸ್ ಎಂಬ ವೈಯಾಕರಣನು ಅದೇ ಲ್ಯಾಟಿನ್ ಆಡುವ ಮಕ್ಕಳಿಗಾಗಿ ಆ ಕಾವ್ಯಕ್ಕೆ ಟೀಕೆ ಬರೆಯಬೇಕಾಯಿತು. ಸಿಪಾಯಿಯ ಸೊಂಟದಲ್ಲಿದ್ದಾಗ ‘ಗ್ಲಾಡಿಯಸ್’ ಆಗಿದ್ದ ಕತ್ತಿ, ಕಾವ್ಯದೊಳಗೆ ಬಂದಾಗ ಬಹುಮಟ್ಟಿಗೆ ‘ಎನ್ಸಿಸ್’ ಆಗುತ್ತಿತ್ತು. ನಮ್ಮಲ್ಲಿಯೂ ಸೂರ್ಯನು ಪಂಚಾಂಗದಲ್ಲಿ ಸೂರ್ಯನೇ, ಚಂಪುವಿನಲ್ಲಿ ನೇಸರು.

ಇನ್ನು ಒಕ್ಕುಂದದ ಸೀಮೆಗೇ ಮರಳಿದರೆ, ಕಿತ್ತೂರು. 1824ರ ಅಕ್ಟೋಬರದಲ್ಲಿ ಕಂಪನಿಯ ಅಧಿಕಾರಿ ಥ್ಯಾಕರೆ ಅಲ್ಲಿಯ ಕೋಟೆಯ ಮುಂದೆ ಹತನಾದಾಗ ರಾಣಿ ಚೆನ್ನಮ್ಮನ ಸೆರೆಗೆ ಸಿಕ್ಕ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬನು. ಬಿಡುಗಡೆಹೊಂದಿದ ಆ ತರುಣನು ಮುಂದೆ ಇದೇ ಸೀಮೆಯ ಹಳಗನ್ನಡ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ನಕಲು ಮಾಡಿಸಿ ಸಂಗ್ರಹಿಸಿದ್ದು, ಸೆರೆಯಾಳಿನಿಂದ ನಿರೀಕ್ಷಿಸುವಂಥ ಪ್ರತೀಕಾರವಂತೂ ಅಲ್ಲ. ಬಳಿಕ 1853ರಲ್ಲಿ ಬಂದ ಜರ್ಮನ್ ಪಾದ್ರಿ ಕಿಟ್ಟೆಲ್, ಕೇಶಿರಾಜನನ್ನು 1872ರಲ್ಲಿ ಅಚ್ಚುಮಾಡಿ, ಹಳೆಯ ಕೋಶಗಳನ್ನೂ ಟೀಕೆಗಳನ್ನೂ ಜಾಲಾಡಿ, 1894ರಲ್ಲಿ ಮಂಗಳೂರಿನಿಂದ ತನ್ನ ಮಹಾನಿಘಂಟನ್ನು ಹೊರತಂದನು. ಅದರಲ್ಲಿ ಗಿಡಮರಗಳ ಕನ್ನಡ ಹೆಸರಿನ ಮಗ್ಗುಲಲ್ಲಿ ಲ್ಯಾಟಿನ್ ಹೆಸರುಗಳು ಕುಳಿತಿವೆ.

ಆದರೆ ನಿಘಂಟು ಕೈಯಲ್ಲಿದ್ದ ಮಾತ್ರಕ್ಕೆ ಕಾವ್ಯವು ಕೈಗೆ ದಕ್ಕುವುದಿಲ್ಲ. ಪಂಪನನ್ನೋ ರನ್ನನನ್ನೋ ಓದಹೊರಟ ವಿದ್ಯಾರ್ಥಿಯು ಎಡವುವುದು ಕಠಿನ ಪದದಲ್ಲಿ ಅಲ್ಲ, ಏಕೆಂದರೆ ಅದನ್ನು ಕಂಡೊಡನೆ ಕೋಶವನ್ನು ತೆಗೆಯುತ್ತಾನೆ. ಅವನು ಎಡವುವುದು ಪರಿಚಿತನಂತೆ ವೇಷ ಹಾಕಿ ಬರುವ ಪದದಲ್ಲಿ. ‘ಕರಂ’ ಎಂದರೆ ಕೈಯೆಂದುಕೊಳ್ಳುತ್ತಾನೆ, ‘ನಾಡೆ’ಯಲ್ಲಿ ನಾಡನ್ನು ಕಾಣುತ್ತಾನೆ, ‘ಆದಂ’ ಎಂದರೆ ಆದನು ಎಂದು ಮುಂದೆ ನಡೆಯುತ್ತಾನೆ. ಆ ಮೂರಕ್ಕೂ ಹಳಗನ್ನಡದಲ್ಲಿ ‘ಅತಿಶಯವಾಗಿ’ ಎಂಬ ಅರ್ಥವಿದೆ. ‘ಅರಿ’ ಎಂದರೆ ಕತ್ತರಿಸು, ‘ಅಱಿ’ ಎಂದರೆ ತಿಳಿ. ಆ ಱಕಾರ, ಎಂದರೆ ಶಕಟರೇಫವು, ಅಳಿದ ಮೇಲೆ ನಮಗೆ ತಿಳಿಯುವುದೂ ಕೊಯ್ಯುವುದೂ ಒಂದೇ ಅಕ್ಷರಕ್ಕೆ ಬಂದು ನಿಂತಿವೆ. ಎಲ್ಲಕ್ಕಿಂತ ಮಿಗಿಲಾದ ಮೋಸಗಾರ ‘ಬಟ್ಟೆ’. ಹಳೆಯ ಕವಿಗೆ ಅದು ದಾರಿ. ವಿದ್ಯಾರ್ಥಿದೆಸೆಯಲ್ಲಿ ನಾನು, ಬಟ್ಟೆಯಲ್ಲಿ ನಡೆದುಹೋಗುತ್ತಿದ್ದ ಪಥಿಕನಿಗೆ ಒಳ್ಳೆಯ ಉಡುಪನ್ನು ತೊಡಿಸಿ, ಗುರುಗಳಿಂದ ಮೌನವಾದ ಒಂದು ನೋಟವನ್ನು ಸಂಪಾದಿಸಿದ್ದೆ.

ಹಾಗಾದರೆ ಉಡುವ ವಸ್ತ್ರಕ್ಕೆ ಆ ಕವಿಗಳು ಏನೆನ್ನುತ್ತಿದ್ದರು? ಅವರಿಗೆ ಅದು ‘ಅಱುವೆ’. ಬೆಂಗಳೂರಿನ ವಿದ್ಯಾರ್ಥಿಯು ಪುಸ್ತಕದ ಅಂಚಿನಲ್ಲಿ ಈ ಪದಕ್ಕೆ ಪೆನ್ಸಿಲಿನಿಂದ ಅರ್ಥ ಬರೆದುಕೊಳ್ಳುತ್ತಾನೆ. ಒಕ್ಕುಂದದ ಸೀಮೆಯವರಿಗೆ ಆ ಪೆನ್ಸಿಲು ಬೇಕಿಲ್ಲ. ಅಲ್ಲಿ ಹೆಣ್ಣುಮಕ್ಕಳು ಇಂದಿಗೂ ಹೊಳೆಗೆ ಹೋಗಿ ಒಗೆದುಕೊಂಡು ಬರುವುದು ಅರಿವಿಯನ್ನೇ, ಬೈಲಹೊಂಗಲದ ಪೇಟೆಯಲ್ಲಿ ಸೀರೆ ಧೋತರ ಮಾರುವುದು ಅರಿವಿ ಅಂಗಡಿಯಲ್ಲಿಯೇ.