ಹಿಮಾಲಯನ್ ಕ್ಲಬ್

ಹಿಮಾಲಯದ ಪರ್ವತಾರೋಹಣ, ಚಾರಣ, ಅನ್ವೇಷಣೆಗಳಿಗೆ ನೆರವಾಗಲು 1928ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ಸಂಸ್ಥೆ. ಮುಂದಾಳತ್ವ ಜೆಫ್ರಿ ಕಾರ್ಬೆಟ್ ಅವರದು. ಕೆನೆತ್ ಮೇಸನ್ ಸಂಪಾದಕತ್ವದಲ್ಲಿ 1929ರಲ್ಲಿ ‘ಹಿಮಾಲಯನ್ ಜರ್ನಲ್’ ಆರಂಭವಾಯಿತು. ಹತ್ತಿದ ಶಿಖರ, ದಾಟಿದ ಕಣಿವೆ, ಸೋತು ಮರಳಿದ ಯತ್ನಗಳ ವರದಿಗಳು ಅದರಲ್ಲಿವೆ.

ಕ್ಲಬ್‌ನ ನಿಜವಾದ ಹಿರಿಮೆ ಡಾರ್ಜಿಲಿಂಗ್‌ನಲ್ಲಿ ನಡೆದ ಕೆಲಸದಲ್ಲಿದೆ. ಅಲ್ಲಿ ಶೆರ್ಪಾಗಳ ಹೆಸರು, ಅನುಭವಗಳನ್ನು ದಾಖಲಿಸಿ ಅವರನ್ನು ಆರೋಹಣ ತಂಡಗಳಿಗೆ ಒದಗಿಸುತ್ತಿದ್ದರು. ಅತಿ ಎತ್ತರದಲ್ಲಿ ಹೊರೆ ಹೊತ್ತು ದುಡಿದ ಸಮರ್ಥರಿಗೆ ‘ಟೈಗರ್’ ಪದಕ ಸಲ್ಲುತ್ತಿತ್ತು. ತೇನ್‌ಸಿಂಗ್ ನೋರ್ಗೆ ಅದನ್ನು ಪಡೆದವರಲ್ಲೊಬ್ಬರು. ಆರೋಹಣದ ಕೀರ್ತಿಯೆಲ್ಲ ಸಾಹೇಬರ ಪಾಲಾಗುತ್ತಿದ್ದ ಕಾಲದಲ್ಲಿ ಇದು ದೊಡ್ಡ ಮನ್ನಣೆ. ಚಾರಣ, ಉಪನ್ಯಾಸ, ಗ್ರಂಥಾಲಯ ಇತರ ಚಟುವಟಿಕೆಗಳು. ಪ್ರಧಾನ ಕಚೇರಿ ಮುಂಬೈಯಲ್ಲಿದೆ.