ತುರ್ತು ವಿಭಾಗದ ಎಳೆಯ ವೈದ್ಯರು

ಅರುವತ್ತು ವರ್ಷಗಳ ಹಿಂದೆ ಅಮೆರಿಕದ ದೊಡ್ಡ ಆಸ್ಪತ್ರೆಗಳಲ್ಲೂ ತುರ್ತು ಚಿಕಿತ್ಸೆಯನ್ನೇ ಓದಿ ಬಂದ ವೈದ್ಯರಿರಲಿಲ್ಲ. ನಡುರಾತ್ರಿ ಎದೆ ಹಿಡಿದುಕೊಂಡು ಬಂದವರಿಗೆ ಸಿಗುತ್ತಿದ್ದದ್ದು ಆಗಷ್ಟೇ ಪದವಿ ಮುಗಿಸಿದ ಇಂಟರ್ನ್, ಇಲ್ಲವೇ ಅಂದಿನ ಪಾಳಿಗೆ ಬಂದ ಬೇರಾವುದೋ ವಿಭಾಗದ ಡಾಕ್ಟರು.

1961ರಲ್ಲಿ ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಜೇಮ್ಸ್ ಮಿಲ್ಸ್ ಎಂಬ ವೈದ್ಯರು ಸ್ವಂತ ಪ್ರಾಕ್ಟೀಸ್ ಬಿಟ್ಟು, ಇನ್ನೂ ಮೂವರನ್ನು ಕೂಡಿಕೊಂಡು ಹಗಲೂ ರಾತ್ರಿ ತುರ್ತು ವಿಭಾಗವನ್ನೇ ನೋಡಿಕೊಳ್ಳಲು ನಿಂತರು. ಒಂಬತ್ತು ವರ್ಷಗಳ ನಂತರ, 1970ರಲ್ಲಿ, ಸಿನ್ಸಿನಾಟಿ ವಿಶ್ವವಿದ್ಯಾಲಯ ಈ ಕೆಲಸಕ್ಕೆಂದೇ ತರಬೇತಿ ತೆರೆಯಿತು. ಮೊದಲ ವಿದ್ಯಾರ್ಥಿ ಬ್ರೂಸ್ ಜಾನಿಯಾಕ್. 1979ರಲ್ಲಿ ಇದು ಪ್ರತ್ಯೇಕ ತಜ್ಞ ವಿಭಾಗವೆಂಬ ಮಾನ್ಯತೆ ಪಡೆಯಿತು.

ಆದರೆ ಕಲಿಯುವ ವೈದ್ಯರ ದಣಿವಿನ ಬಗ್ಗೆ ಹೆಚ್ಚು ಜನ ಕೇಳಲಿಲ್ಲ. 1984ರ ಮಾರ್ಚ್‌ನಲ್ಲಿ ಹದಿನೆಂಟರ ಹುಡುಗಿ ಲಿಬ್ಬಿ ಜಿಯಾನ್ ಜ್ವರ, ಮೈನಡುಕ ಎಂದು ನ್ಯೂಯಾರ್ಕಿನ ಆಸ್ಪತ್ರೆಯೊಂದರ ತುರ್ತು ವಿಭಾಗಕ್ಕೆ ಬಂದಳು. ದಾಖಲಾದ ರಾತ್ರಿ ಅವಳನ್ನು ನೋಡಿಕೊಂಡವರು ತರಬೇತಿಯಲ್ಲಿದ್ದ ಇಬ್ಬರು ವೈದ್ಯರು. ಅದೇ ಹೊತ್ತಿನಲ್ಲಿ ಅವರಲ್ಲಿ ಇಂಟರ್ನ್ ಆಗಿದ್ದವರ ಮೇಲೆ ಇನ್ನೂ ಹತ್ತಾರು ರೋಗಿಗಳ ಹೊಣೆಯಿತ್ತು. ಬೆಳಗಾಗುವಷ್ಟರಲ್ಲಿ ಹುಡುಗಿ ತೀರಿಕೊಂಡಳು. ಪತ್ರಕರ್ತರಾಗಿದ್ದ ಅವಳ ತಂದೆ ಸಿಡ್ನಿ ಜಿಯಾನ್ ಸುಮ್ಮನೆ ಕೂರಲಿಲ್ಲ. ಪ್ರಕರಣ ಆರೋಪ ಹೊರಿಸಬೇಕೇ ಎಂದು ನಿರ್ಧರಿಸುವ ಗ್ರ್ಯಾಂಡ್ ಜ್ಯೂರಿಯ ಮುಂದೆ ಬಂತು. ಅದು ವೈದ್ಯರ ಮೇಲೆ ಕ್ರಿಮಿನಲ್ ಆರೋಪ ಹೊರಿಸದೆ, ಅವರನ್ನು ದುಡಿಸುತ್ತಿದ್ದ ಪದ್ಧತಿಯನ್ನೇ ದೂರಿತು. 1989ರಲ್ಲಿ ನ್ಯೂಯಾರ್ಕ್ ರಾಜ್ಯ ತರಬೇತಿ ವೈದ್ಯರ ಕೆಲಸವನ್ನು ವಾರಕ್ಕೆ 80 ಗಂಟೆಗೆ ಮಿತಿಗೊಳಿಸಿತು. 2003ರಲ್ಲಿ ಆ ಮಿತಿ ಇಡೀ ದೇಶಕ್ಕೆ ಬಂತು. ಎಂಬತ್ತು ಗಂಟೆಯೂ ಕಡಿಮೆಯೇನಲ್ಲ.

ರೋಗಿಗೆ ಸಮಾಧಾನವಾಯಿತೇ ಎಂದು ಕೇಳಿ ಲೆಕ್ಕವಿಡುವ ರೂಢಿ ಬೆಳೆದದ್ದೂ ಆ ಕಾಲದಲ್ಲೇ. 1996ರಲ್ಲಿ ಪ್ರಕಟವಾದ ಅಧ್ಯಯನವೊಂದು ಬಲು ಮುಖ್ಯ ಸಂಗತಿ ಹೇಳಿತು: ರೋಗಿಯ ತೃಪ್ತಿಯನ್ನು ನಿರ್ಧರಿಸಿದ್ದು ಗಡಿಯಾರದ ಲೆಕ್ಕದಲ್ಲಿ ಕಾದ ಸಮಯವಲ್ಲ, ಎಷ್ಟು ಕಾದೆವು ಅನ್ನಿಸಿತು, ಏನಾಗುತ್ತಿದೆ ಎಂದು ಯಾರಾದರೂ ಹೇಳಿದರೇ, ಹೇಗೆ ಮಾತಾಡಿಸಿದರು ಎಂಬುದು. "ಅಮ್ಮಾ, ರಕ್ತದ ರಿಪೋರ್ಟ್ ಬರಲು ಇನ್ನೊಂದು ಗಂಟೆ ಬೇಕು, ಅಲ್ಲಿವರೆಗೆ ನೋವಿಗೆ ಇಂಜೆಕ್ಷನ್ ಕೊಟ್ಟಿದ್ದೇವೆ" ಎಂಬಷ್ಟು ಮಾತು ಸಾಕು. 1999ರಲ್ಲಿ ಅಮೆರಿಕದ ವೈದ್ಯ ತರಬೇತಿಯ ಮಾನ್ಯತಾ ಮಂಡಳಿ ಮಾತುಕತೆಯ ಕೌಶಲವನ್ನೂ ಆರು ಮೂಲ ಅರ್ಹತೆಗಳಲ್ಲಿ ಸೇರಿಸಿತು. ತಡವಾಗಿಯಾದರೂ ಸರಿಯಾದ ಹೆಜ್ಜೆ.

ನಮ್ಮ ಕರ್ನಾಟಕದಲ್ಲಿ 2008ರ ರಾಜ್ಯೋತ್ಸವದ ದಿನ 108 ಆಂಬುಲೆನ್ಸ್ ರಸ್ತೆಗಿಳಿಯಿತು. ಭಾರತೀಯ ವೈದ್ಯಕೀಯ ಪರಿಷತ್ತು ತುರ್ತು ಚಿಕಿತ್ಸೆಯನ್ನು ತಜ್ಞ ವಿಷಯವೆಂದು ಒಪ್ಪಿದ್ದು ಮರುವರ್ಷ, 2009ರಲ್ಲಿ. ಆದರೂ ಸರ್ಕಾರಿ ಕಾಲೇಜು ಆಸ್ಪತ್ರೆಗಳ ಕ್ಯಾಶುವಾಲ್ಟಿಯಲ್ಲಿ ರೋಗಿ ಮೊದಲು ಕಾಣುವ ಮುಖ ಇಂದಿಗೂ ಸಾಮಾನ್ಯವಾಗಿ ಹೌಸ್ ಸರ್ಜನ್ನರದು, ಪಿಜಿ ವಿದ್ಯಾರ್ಥಿಗಳದು. ಹೊರಗೆ ಚೀಟಿ ಹಿಡಿದು ನಿಂತ ಮನೆಯವರಿಗೆ ಎರಡು ಮಾತು ಹೇಳುವಷ್ಟು ಬಿಡುವು ಅವರಿಗೆ ಸಿಗಬೇಕು. ಪಾಳಿ ಹಾಕುವವರು ಅದನ್ನು ಗಮನದಲ್ಲಿಟ್ಟುಕೊಳ್ಳಲಿ.