ಗಿರಾಕಿಗಳು ರೂಪಿಸಿದ ತಿಂಡಿ ಹೋಟೆಲ್

ಬೆಂಗಳೂರಿನ ತಿಂಡಿ ಹೋಟೆಲ್‌ಗಳ ಚರಿತ್ರೆ ಮಾಲೀಕರ ಜಾಣ್ಮೆಯಷ್ಟೇ ಗಿರಾಕಿಗಳ ಬೇಡಿಕೆಯ ಚರಿತ್ರೆಯೂ ಹೌದು. ಬೋರ್ಡಿನ ಮೇಲಿನ ಹೆಸರು, ತಟ್ಟೆಯಲ್ಲಿನ ತಿಂಡಿ, ಕಾಫಿಯ ಅಳತೆ, ಕೊನೆಗೆ ಕೂತು ತಿನ್ನಬೇಕೋ ನಿಂತು ತಿನ್ನಬೇಕೋ ಎಂಬುದು ಕೂಡ ತಿನ್ನಲು ಬಂದವರ ಮರ್ಜಿ, ಜೇಬು ಮತ್ತು ಪುರುಸೊತ್ತಿಗೆ ತಕ್ಕಂತೆ ಬದಲಾಗಿದೆ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮನೆಯ ಹೊರಗೆ ಉಣ್ಣುವುದೆಂದರೆ ಹಲವರಿಗೆ ಮಡಿ-ಮೈಲಿಗೆಯ ಅಳುಕು. ಕಚೇರಿ ಕೆಲಸಕ್ಕೆ, ಓದಿಗೆ ಊರು ಬಿಟ್ಟು ಬಂದವರಿಗೆ ಹೋಟೆಲ್ ಅನಿವಾರ್ಯವಾಗಿತ್ತು. ಆದರೆ ಅವರಲ್ಲಿ ಅನೇಕರು ರುಚಿಗಿಂತ ಮೊದಲು ಕೇಳುತ್ತಿದ್ದುದು ಅಡುಗೆ ಮಾಡುವವರು ಯಾರು ಎಂದು. ಉತ್ತರ ಬೋರ್ಡಿನಲ್ಲೇ ಇರುತ್ತಿತ್ತು. ಉಡುಪಿ ಸೀಮೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಲಾಲ್‌ಬಾಗ್ ಬಳಿ ತೆರೆದ ಹೋಟೆಲ್‌ನ ಹೆಸರು ‘ಬ್ರಾಹ್ಮಣರ ಕಾಫಿ ಕ್ಲಬ್’. ಮಾಂಸದೂಟ ಬಯಸುವವರಿಗೆ ‘ಮಿಲಿಟರಿ ಹೋಟೆಲ್’ ಎಂಬ ಬೋರ್ಡು ದೂರದಿಂದಲೇ ಗುರುತು ಹೇಳುತ್ತಿತ್ತು. ಹೋಟೆಲ್ ಪ್ರವೇಶಕ್ಕೆ ಜಾತಿ ಅಡ್ಡಿಯಾಗಬಾರದೆಂದು 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಹೇಳಿತು. ಕಾಫಿ ಕ್ಲಬ್ 1960ರಲ್ಲಿ ಈಗಿನ ಕಟ್ಟಡಕ್ಕೆ ಬಂದಾಗ ‘ಮಾವಳ್ಳಿ ಟಿಫಿನ್ ರೂಮ್ಸ್’ ಆಯಿತು. ಜನರ ಬಾಯಲ್ಲಿ ಎಂಟಿಆರ್. ಹೊಸ ಹೆಸರಿನಲ್ಲಿ ಉಳಿದದ್ದು ಬಡಾವಣೆ ಮತ್ತು ತಿಂಡಿ.

ಹೆಸರು ಬದಲಾಗುವುದಕ್ಕೂ ಮೊದಲು, ಎರಡನೆಯ ಮಹಾಯುದ್ಧದಲ್ಲಿ ಹೋಟೆಲ್‌ಗಳಿಗೆ ಎದುರಾದ ಪರೀಕ್ಷೆ ಬೇರೆ ಬಗೆಯದು. 1942ರಲ್ಲಿ ಜಪಾನ್ ಬರ್ಮಾವನ್ನು ಹಿಡಿದುಕೊಂಡಿತು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತು, ದಕ್ಷಿಣ ಭಾರತದಲ್ಲಿ ಅಕ್ಕಿಗೆ ಬರ ಬಂತು. ಹೋಟೆಲ್‌ಗೆ ಬಂದವರು ಮಾತ್ರ ಇಡ್ಲಿ ಕೇಳುವುದನ್ನು ಬಿಡಲಿಲ್ಲ. ಆಗ ರವೆಗೆ ಮೊಸರು ಬೆರೆಸಿ, ಸಾಸಿವೆ ಒಗ್ಗರಣೆ ಹಾಕಿ, ಗೋಡಂಬಿ, ಕೊತ್ತಂಬರಿ ಸೇರಿಸಿ ಹಬೆಯಲ್ಲಿ ಬೇಯಿಸಿದ್ದೇ ರವೆ ಇಡ್ಲಿ ಎಂದು ಎಂಟಿಆರ್ ಹೇಳಿಕೊಳ್ಳುತ್ತದೆ. ಉದ್ದಿನಬೇಳೆ ರುಬ್ಬುವುದಿಲ್ಲ, ರಾತ್ರಿಯಿಡೀ ಹುಳಿ ಬರಿಸುವುದೂ ಇಲ್ಲ. ಯುದ್ಧ ಮುಗಿದು ಅಕ್ಕಿ ಮರಳಿದ ಮೇಲೂ ಜನ ಅದನ್ನು ಕೇಳುತ್ತಲೇ ಇದ್ದರು. ಅಕ್ಕಿಯ ಅಭಾವ ಹುಟ್ಟಿಸಿದ ತಿಂಡಿ ಗಿರಾಕಿಗಳ ನಾಲಗೆಯಿಂದಾಗಿ ಉಳಿದುಕೊಂಡಿತು.

ರುಚಿ ಹಿಡಿಸಿದರೂ ಹೋಟೆಲ್ ಅಡುಗೆಮನೆಯ ಬಗ್ಗೆ ಜನರಿಗೆ ಒಂದು ಗುಮಾನಿ ಇದ್ದೇ ಇತ್ತು. 1951ರಲ್ಲಿ ಯುರೋಪ್ ಸುತ್ತಿ ಬಂದ, ಮಯ್ಯ ಸಹೋದರರಲ್ಲೊಬ್ಬರಾದ ಯಜ್ಞನಾರಾಯಣ ಮಯ್ಯರು ಅಲ್ಲಿನ ಹೋಟೆಲ್‌ಗಳ ಚೊಕ್ಕಟತನ ಕಂಡು, ತಮ್ಮ ಅಡುಗೆಮನೆಯನ್ನು ಗಿರಾಕಿಗಳು ನೋಡುವಂತೆ ತೆರೆದಿಟ್ಟರು. ಶುಚಿಗೆ ಬೋರ್ಡಿನ ಭರವಸೆ ಸಾಲದು, ಕಣ್ಣಾರೆ ಕಾಣಬೇಕು ಎಂಬ ಪದ್ಧತಿಗೆ ಇದು ದಾರಿಯಾಯಿತು.

ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಯ ಬೆಲೆಗೆ ಕಡಿವಾಣ ಹಾಕಿತು. ಆ ಬೆಲೆಗೆ ಅದೇ ಗುಣಮಟ್ಟ ಗಿಟ್ಟುವಂತಿರಲಿಲ್ಲ. ಎಂಟಿಆರ್ ಹೋಟೆಲ್ ಕೆಲಕಾಲ ಬಾಗಿಲು ಹಾಕಿ, ಅಂಗಡಿ ತೆರೆದು, ರವೆ ಇಡ್ಲಿ ಮುಂತಾದವುಗಳ ಸಿದ್ಧ ಮಿಶ್ರಣವನ್ನು ಪೊಟ್ಟಣ ಕಟ್ಟಿ ಮಾರತೊಡಗಿತು. ಹೋಟೆಲ್ ರುಚಿ ಬಲ್ಲ ಮನೆಗಳು ಮೊದಲೇ ಇದ್ದುದರಿಂದ ಈ ವ್ಯಾಪಾರ ಕೈಹಿಡಿಯಿತು. ಹೋಟೆಲ್ ಮತ್ತೆ ತೆರೆದ ಮೇಲೂ ನಿಲ್ಲಲಿಲ್ಲ.

ಅಷ್ಟರಲ್ಲಿ ನಗರ ಬೆಳೆದಿತ್ತು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳ ನೌಕರರಿಗೆ, ದೂರದ ಬಡಾವಣೆಗಳಿಂದ ಬಸ್ಸು ಹಿಡಿಯುವವರಿಗೆ ಮಾಣಿ ಬಂದು ಮೇಜು ಒರೆಸಿ, ನೀರಿಟ್ಟು, ಏನು ಬೇಕೆಂದು ಕೇಳುವವರೆಗೆ ಕಾಯುವ ಪುರುಸೊತ್ತಿರಲಿಲ್ಲ. 1983ರಲ್ಲಿ ಆರ್. ಪ್ರಭಾಕರ್ ಅವರ ಕಲ್ಪನೆಯಂತೆ ಜಯನಗರದಲ್ಲಿ ‘ಕೆಫೆ ದರ್ಶಿನಿ’ ತೆರೆಯಿತು. ಗಲ್ಲಾದಲ್ಲಿ ದುಡ್ಡು ಕೊಟ್ಟು ಟೋಕನ್ ಪಡೆಯುವುದು, ಕೌಂಟರಿನಲ್ಲಿ ಅದನ್ನಿಟ್ಟು ತಟ್ಟೆ ತೆಗೆದುಕೊಳ್ಳುವುದು, ಎತ್ತರದ ಮೇಜಿನ ಮುಂದೆ ನಿಂತು ತಿನ್ನುವುದು: ಇಷ್ಟೇ ಕ್ರಮ. ದೋಸೆ ಹುಯ್ಯುವ ಕಾವಲಿ ಕಣ್ಣೆದುರೇ ಇರುವುದರಿಂದ ಶುಚಿಯ ಪ್ರಶ್ನೆಗೂ ಉತ್ತರ ಸಿಕ್ಕಿತು. ಬಡಿಸುವವರು, ಕುರ್ಚಿಗಳು ಬೇಡವಾದ್ದರಿಂದ ಜಾಗವೂ ಖರ್ಚೂ ಉಳಿದು ಬೆಲೆ ಇಳಿಯಿತು. ಕೆಲವೇ ವರ್ಷಗಳಲ್ಲಿ ‘ದರ್ಶಿನಿ’ ಒಂದು ಹೋಟೆಲ್‌ನ ಹೆಸರಾಗಿ ಉಳಿಯದೆ ಆ ಬಗೆಯ ಹೋಟೆಲ್‌ಗಳಿಗೆಲ್ಲ ಹೆಸರಾಯಿತು. ಮುಂದೆ ಗಿರಾಕಿಗಳ ನಾಲಗೆ ಬದಲಾದಂತೆ ಉಡುಪಿ ಹೋಟೆಲ್‌ಗಳಲ್ಲೂ ದರ್ಶಿನಿಗಳಲ್ಲೂ ದೋಸೆಯ ಪಕ್ಕದಲ್ಲೇ ಗೋಬಿ ಮಂಚೂರಿ, ಫ್ರೈಡ್ ರೈಸ್ ಕಾಣಿಸಿಕೊಂಡವು.

ಅಳತೆಯ ವಿಷಯದಲ್ಲಿ ಗಿರಾಕಿಗಳ ಮಾತು ಇನ್ನೂ ನೇರ. ಖಾರಾಬಾತ್ ಬೇಕು, ಕೇಸರಿಬಾತ್ ಕೂಡ ಬೇಕು, ಎರಡು ಪ್ಲೇಟಿನಷ್ಟು ಹಸಿವಿಲ್ಲ ಎನ್ನುವವರಿಗೆ ಒಂದೇ ತಟ್ಟೆಯಲ್ಲಿ ಎರಡೂ ಬಂದು ಕೂತರೆ ಅದು ಚೌಚೌ ಬಾತ್. ಇಬ್ಬರು ಗೆಳೆಯರಿಗೆ ಒಂದೇ ಕಾಫಿಯ ದುಡ್ಡು ಸಾಕೆನಿಸಿದರೆ ಅದು ‘ಬೈಟು’: ಒಂದು ಕಾಫಿ, ಎರಡು ಲೋಟ. ಮಾಲೀಕರಿಗೆ ಇದರಿಂದ ತೊಳೆಯುವ ಲೋಟ ಒಂದು ಹೆಚ್ಚಾಯಿತೇ ಹೊರತು ಬಿಲ್ಲು ಹೆಚ್ಚಲಿಲ್ಲ. ಆದರೂ ಕೇಳುವವರು ಇಷ್ಟೊಂದು ಮಂದಿ ಇದ್ದಾಗ ಇಲ್ಲವೆನ್ನುವುದು ಕಷ್ಟವಾಗಿ ಬೈಟು ರೂಢಿಯಾಯಿತು; ದೊಡ್ಡ ಹೋಟೆಲ್‌ಗಳ ಸೂಪಿಗೂ ಹಬ್ಬಿತು.

ಎಲ್ಲವೂ ಗಿರಾಕಿಗಳ ಕೈಯಲ್ಲಿಲ್ಲ. ಕಾಫಿ ಬೀಜ, ಹಾಲು, ಗ್ಯಾಸ್ ಸಿಲಿಂಡರ್, ಕಟ್ಟಡದ ಬಾಡಿಗೆ ಏರಿದಂತೆ ತಿಂಡಿಯ ಬೆಲೆಯೂ ಏರುತ್ತದೆ. ಬೆಲೆ ಏರಿಸುವುದು ಮಾಲೀಕರ ಪಾಲಿನ ನಿರ್ಧಾರ. ಅದಕ್ಕೆ ಗಿರಾಕಿಗಳ ಉತ್ತರ ಗಲ್ಲಾದ ಮುಂದೆಯೇ ಕೇಳಿಬರುತ್ತದೆ: ಎರಡು ಕಾಫಿ ಹೇಳುತ್ತಿದ್ದವರು ಒಂದು ಬೈಟು ಹೇಳುತ್ತಾರೆ.